ಹುಳಿಯೂ ಸುಣ್ಣವೂ

ಊಟವಾದ ಮೇಲೆ ಕವಳದ ಹರಿವಾಣವನ್ನು ಮುಂದಿಟ್ಟುಕೊಂಡು ಕುಳಿತ ಹಿರಿಯರು ವೀಳ್ಯದೆಲೆಯ ಬೆನ್ನಿಗೆ ಸುಣ್ಣವನ್ನು ಸವರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬೆರಳ ತುದಿಗೆ ಬಂದ ಸುಣ್ಣವನ್ನು ಅವರು ತೂಗುವುದಿಲ್ಲ, ಅಳೆಯುವುದೂ ಇಲ್ಲ. ಆದರೂ ಅದು ಹದ ತಪ್ಪುವುದು ಅಪರೂಪ. ಕಡಮೆಯಾದರೆ ಬಾಯಿ ಕೆಂಪೇರುವುದಿಲ್ಲ. ಹೆಚ್ಚಾದರೆ ನಾಲಗೆ ಸುಡುತ್ತದೆ. ಸುಣ್ಣ ಹೊಸದಾದರೆ ಕೊಂಚ ಸಾಕು, ಹಳೆಯದಾದರೆ ಇನ್ನೂ ಕೊಂಚ ಬೇಕು ಎಂಬ ವಿವೇಕವೂ ಆ ಬೆರಳಿಗೆ ಉಂಟು. ಪ್ರಕೃತ ನಮ್ಮ ವಿಷಯವೂ ಇದೇ ವಿವೇಕ. ಅದನ್ನು ಬೆರಳಿನಿಂದ ಗಾಜಿನ ನಳಿಗೆಗೆ ತಂದು ಅಂಕಿಗಳಲ್ಲಿ ಹೇಳುವ ವಿದ್ಯೆಗೆ ರಸಾಯನಶಾಸ್ತ್ರಜ್ಞರು ಅನುಮಾಪನವೆಂದು ಹೆಸರಿಟ್ಟಿದ್ದಾರೆ. ಕಾಲೇಜಿನಲ್ಲಿ ಓದಿದವರು ಅದನ್ನು ಟೈಟ್ರೇಷನ್ ಎಂಬ ಹೆಸರಿನಲ್ಲಿ ಬಲ್ಲರು. ಪ್ರಾಯಶಃ ಪರೀಕ್ಷೆ ಮುಗಿದ ದಿನವೇ ಮರೆತೂ ಇರುವರು. ಮರೆಯಬಾರದಾಗಿತ್ತೆಂಬುದನ್ನು ನಮಗೆ ತಿಳಿಸಿಕೊಟ್ಟದ್ದು ಎಕ್ಕಂಬಿಯ ಒಂದು ಸುಣ್ಣದ ಚೀಲ.

ಎಕ್ಕಂಬಿಯು ಶಿರಸಿಯಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಒಂದು ವರ್ಷ ಮಳೆಗಾಲ ಇನ್ನೇನು ಕಾಲಿಡಬೇಕೆನ್ನುವ ಹೊತ್ತಿನಲ್ಲಿ ನಾವು ಅಲ್ಲಿ ಪರಿಚಿತರಾದ ಒಬ್ಬ ತೋಟಿಗರ ಮನೆಯಲ್ಲಿ ಉಳಿದಿದ್ದೆವು. ಅಡಿಕೆಯ ತೋಟವುಳ್ಳವರಿಗೆ ಆ ದಿನಗಳು ಮದುವೆಯ ಮನೆಯ ದಿನಗಳಿದ್ದಂತೆ. ಮಳೆ ಹಿಡಿಯುವ ಮೊದಲು ಕೊನೆಗಳಿಗೆ ಔಷಧ ಹೊಡೆದು ಮುಗಿಸಬೇಕು. ಅಂಗಳದಲ್ಲಿ ಒಂದು ಪೀಪಾಯಿಯಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ತಿಳಿಹಾಲಿನಂಥ ನೀರು, ಎರಡನ್ನೂ ಕೂಡಿಸಲು ಮೂರನೆಯದೊಂದು. ಕೂಡಿಸಿದ್ದಾಯಿತು. ಯಜಮಾನರು ಉಜ್ಜಿ ತೊಳೆದ ಕಬ್ಬಿಣದ ಚೂರಿಯನ್ನು ಅದರಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಮೇಲಕ್ಕೆತ್ತಿದರು. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂತಿತ್ತು. ಅಂದರೆ ಔಷಧ ಕೆಟ್ಟಿತ್ತು. ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಳೆಯ ಕಾಯಿ ಸುಡುವುದು, ಉಳಿದ ತಾಮ್ರವನ್ನು ಮಳೆ ತೊಳೆದುಕೊಂಡು ಹೋಗುವುದು.

“ಮಾಸ್ತರೇ, ಹೋದ ವರ್ಷ ಉಳಿದ ಚೀಲ ಇದು. ತೂಗಿಯೇ ಹಾಕಿದ್ದೇನೆ, ತೂಕದಲ್ಲಿ ಗುಂಜಿಯಷ್ಟೂ ಕಡಮೆಯಿಲ್ಲ. ಹಾಗಾದರೆ ತಕ್ಕಡಿ ಸುಳ್ಳು ಹೇಳುತ್ತದೆಯೇ?” ಎಂದು ಅವರು ನಮ್ಮನ್ನು ಕೇಳಿದರು. ಇಪ್ಪತ್ತು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿದ ನಮಗೆ ಆ ಗಳಿಗೆಯಲ್ಲಿ ತೃಪ್ತಿಕರವಾದ ಉತ್ತರ ಹೊಳೆಯಲಿಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಸದ್ಯಕ್ಕೆ ನೆರೆಮನೆಯಿಂದ ಹೊಸ ಸುಣ್ಣ ತರಿಸಿ ಕೆಲಸ ಸಾಗಿತು. ನಾವು ಹಳೆಯ ಚೀಲದಿಂದ ಒಂದು ಹಿಡಿಯನ್ನು ಬಿಗಿಮುಚ್ಚಳದ ಸೀಸೆಯಲ್ಲಿ ತುಂಬಿಕೊಂಡು ಊರಿಗೆ ಹಿಂದಿರುಗಿದೆವು.

ಈ ಔಷಧದ ಪೂರ್ವಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಮಲೆನಾಡಿನ ಅಡಿಕೆಯ ಹಳೆಯ ವೈರಿ ಕೊಳೆರೋಗ. ಮುಂಚೆ ಇದಕ್ಕೆ ಕೊನೆಗಳಿಗೆ ಕರಡದ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ಉಪಾಯವಾಗಿತ್ತು. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಅಭ್ಯಾಸ ಮಾಡಿ, ಫೈಟೊಫ್ತೊರಾ ಎಂಬ ಜಾತಿಯ ಸೂಕ್ಷ್ಮಜೀವಿಯೇ ಇದಕ್ಕೆ ಕಾರಣವೆಂದು ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು; ಬೋರ್ಡೊ ದ್ರಾವಣದ ಸಿಂಪರಣೆಯನ್ನು ಸೂಚಿಸಿದರು. ಫ್ರಾನ್ಸಿನ ಬೋರ್ಡೊ ಪ್ರಾಂತದ ದ್ರಾಕ್ಷಿತೋಟಗಳಿಗಾಗಿ ಮಿಲಾರ್ಡೆ ಎಂಬ ಪಂಡಿತರು ೧೮೮೫ರಲ್ಲಿ ಬಳಕೆಗೆ ತಂದ ಈ ಮಿಶ್ರಣವು ಹೀಗೆ ನಮ್ಮ ತೋಟಗಳಿಗೆ ಇಳಿಯಿತು. ಆಗ ಶಿರಸಿ ಸೀಮೆಯು ಮುಂಬಯಿ ಆಧಿಪತ್ಯದಲ್ಲಿತ್ತು, ಸಾಗರ ಮೈಸೂರಿನಲ್ಲಿ. ಆದರೆ ಮಳೆಗೂ ಕೊಳೆಗೂ ಆ ಗಡಿ ತಿಳಿಯದಷ್ಟೆ. ಇಂದಿಗೂ ಕ್ರಮ ಇದೇ: ಒಂದು ಕಿಲೋಗ್ರಾಮು ಮೈಲುತುತ್ತ, ಒಂದು ಕಿಲೋಗ್ರಾಮು ಸುಣ್ಣ, ನೂರು ಲೀಟರು ನೀರು, ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಅನಂತರ ಇನ್ನೊಮ್ಮೆ. ಮೈಲುತುತ್ತದ ನೀರು ಹುಳಿಯ ಗುಣವುಳ್ಳದ್ದು, ಸುಣ್ಣದ ನೀರು ಕ್ಷಾರ. ಎರಡೂ ಸೇರಿ ಹುಳಿಯಳಿದು, ತಾಮ್ರವು ನೀರಿನಲ್ಲಿ ಕರಗದ ನೀಲಿ ಗಷ್ಟಾಗಿ ಕಾಯಿಯ ಮೇಲೆ ಅಂಟಿಕೊಳ್ಳಬೇಕು. ಸುಣ್ಣದ ಬಲದ ಮೇಲೆ ಇಡೀ ಔಷಧದ ಬಲ ನಿಂತಿದೆ.

ಈಗ ಪ್ರಶ್ನೆಗೆ ಬರೋಣ. ಆಮ್ಲವೆಂದರೇನು, ಕ್ಷಾರವೆಂದರೇನು? ನೀರಿನಲ್ಲಿ ಕರಗಿದಾಗ ಜಲಜನಕದ ಧನವಿದ್ಯುತ್ಕಣವನ್ನು ಬಿಟ್ಟುಕೊಡುವುದು ಆಮ್ಲ. ಅದನ್ನು ಹಿಡಿದುಕೊಂಡು ನೀರನ್ನಾಗಿ ಮಾಡುವ ಕಣವನ್ನು ಒದಗಿಸುವುದು ಕ್ಷಾರ. ಲಿಂಬೆ, ಮುರುಗಲು, ಹುಣಿಸೆಗಳು ಮೊದಲನೆಯ ಪಕ್ಷ. ಸುಣ್ಣ, ಸೋಡಾ, ಒಲೆಯ ಬೂದಿಯ ತಿಳಿ ಎರಡನೆಯ ಪಕ್ಷ. ಇವೆರಡೂ ಕೂಡಿದರೆ ಒಂದರ ಕಣವೊಂದು ಇನ್ನೊಂದರ ಕಣವೊಂದರೊಡನೆ ಸೇರಿ ನೀರಾಗುತ್ತದೆ. ಇಲ್ಲಿ ಅಂದಾಜಿಗೆ ಎಡೆಯಿಲ್ಲ. ಒಂದಕ್ಕೆ ಒಂದು, ಅಷ್ಟೇ. ಈ ಕಟ್ಟುನಿಟ್ಟಾದ ಲೆಕ್ಕವೇ ಅನುಮಾಪನದ ಅಡಿಗಲ್ಲು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ದೊಡ್ಡ ಸಮಾರಾಧನೆಯ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಬಂದಿದ್ದಾರೆಂದು ತಿಳಿಯಬೇಕಾಗಿದೆ. ಅತ್ತಿತ್ತ ಓಡಾಡುವ ತಲೆಗಳನ್ನು ಎಣಿಸುವುದು ಆಗದ ಮಾತು. ಜಾಣನಾದ ಮೇಲ್ವಿಚಾರಕನು ಬಾಳೆಯ ಎಲೆಗಳನ್ನು ಎಣಿಸಿಕೊಂಡು ತಂದು, ಒಂದೊಂದಾಗಿ ಹಾಸುತ್ತ ಹೋಗುತ್ತಾನೆ. ಒಂದು ಎಲೆಗೆ ಒಬ್ಬರು ಕೂರುತ್ತಾರೆ. ಯಾರೂ ಕೂರದೆ ಉಳಿದ ಮೊದಲನೆಯ ಎಲೆ ಕಣ್ಣಿಗೆ ಬಿದ್ದೊಡನೆ ಆತನು ನಿಲ್ಲಿಸಿ, ಹಾಸಿದ ಎಲೆಗಳ ಲೆಕ್ಕ ನೋಡುತ್ತಾನೆ. ಜನರನ್ನು ಎಣಿಸದೆಯೇ ಜನರ ಎಣಿಕೆ ಸಿಕ್ಕಿತು. ಅನುಮಾಪನವೂ ಹಾಗೆಯೇ. ಬಲ ತಿಳಿಯದ ಸುಣ್ಣವೇ ಊಟಕ್ಕೆ ಬಂದ ಜನ. ಬಲ ತಿಳಿದ ಆಮ್ಲವೇ ಎಣಿಸಿ ತಂದ ಎಲೆ. ಆಮ್ಲವನ್ನು ಹನಿಹನಿಯಾಗಿ ಬಿಡುವ, ಮೈಮೇಲೆ ಗೀಟುಗಳುಳ್ಳ ಉದ್ದನೆಯ ಗಾಜಿನ ನಳಿಗೆಯೇ ಬ್ಯೂರೆಟ್ಟು. ಇನ್ನು ಖಾಲಿ ಎಲೆಯನ್ನು ಕಂಡು ಕೂಗಿ ಹೇಳುವವನೊಬ್ಬ ಬೇಕಲ್ಲವೆ? ಅವನಿಗೆ ಸೂಚಕವೆಂದು ಹೆಸರು.

ಸೂಚಕವು ಹೊಸ ವಸ್ತುವೇನೂ ಅಲ್ಲ. ಆರತಿಯ ತಟ್ಟೆಯಲ್ಲಿ ಅರಿಸಿನದ ನೀರಿಗೆ ಚಿಟಿಕೆ ಸುಣ್ಣವನ್ನು ಬೆರೆಸಿ ಕೆಂಪು ಓಕುಳಿಯನ್ನು ಮಾಡುವ ನಮ್ಮ ಹೆಂಗಸರು ಅದನ್ನು ಅನಾದಿಕಾಲದಿಂದ ಬಲ್ಲರು. ಅದೇ ಓಕುಳಿಗೆ ಲಿಂಬೆಯ ರಸವನ್ನು ಹನಿಹನಿಯಾಗಿ ಹಿಂಡಿ ನೋಡಿರಿ: ಬಹಳ ಹೊತ್ತು ಏನೂ ಆಗುವುದಿಲ್ಲ, ಒಂದು ಹನಿಗೆ ಕೆಂಪು ಮಾಯವಾಗಿ ಅರಿಸಿನ ಮರಳಿ ಬರುತ್ತದೆ. ಆ ಹನಿಯೇ ಖಾಲಿ ಎಲೆ. ಐರೋಪ್ಯರಲ್ಲಿ ರಾಬರ್ಟ್ ಬಾಯ್ಲನು ನೇರಿಳೆ ಬಣ್ಣದ ವಯಲೆಟ್ ಹೂವಿನ ಪಾನಕವು ಆಮ್ಲದಲ್ಲಿ ಕೆಂಪಾಗಿ, ಕ್ಷಾರದಲ್ಲಿ ಹಸುರಾಗುವುದನ್ನು ೧೬೬೪ರ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಈಗ ಪ್ರಯೋಗಶಾಲೆಗಳಲ್ಲಿ ಹೆಚ್ಚಾಗಿ ಬಳಸುವುದು ಅಡಾಲ್ಫ್ ಬಾಯರನು ೧೮೭೧ರಲ್ಲಿ ತಯಾರಿಸಿದ ಫೀನಾಲ್ಫ್ಥಲೀನ್ ಎಂಬ ದ್ರವ್ಯವನ್ನು. ಆಮ್ಲದಲ್ಲಿ ಅದಕ್ಕೆ ಬಣ್ಣವಿಲ್ಲ, ಕ್ಷಾರದಲ್ಲಿ ಗುಲಾಬಿ.

ಒಂದೇ ಹನಿಗೆ ಬಣ್ಣ ಹೊರಳುವುದು ಹೇಗೆಂದು ಕೇಳಬಹುದು. ಆಮ್ಲದ ತೀವ್ರತೆಯನ್ನು ಹೇಳಲು ಡೆನ್ಮಾರ್ಕಿನ ಸೋರೆನ್ಸನ್ ಎಂಬಾತನು ೧೯೦೯ರಲ್ಲಿ ಪಿ.ಎಚ್. ಎಂಬ ಮಾನವನ್ನು ಏರ್ಪಡಿಸಿದನು. ಶುದ್ಧ ನೀರಿಗೆ ೭. ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ಒಂದೊಂದು ಮೆಟ್ಟಿಲಿಗೂ ತೀವ್ರತೆ ಹತ್ತರಷ್ಟು ವ್ಯತ್ಯಾಸ. ೫೦ ಮಿಲಿಲೀಟರು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಅಷ್ಟೇ ಬಲದ ಕ್ಷಾರವನ್ನು ಬಿಡುತ್ತಿದ್ದೇವೆಂದು ಇಟ್ಟುಕೊಳ್ಳಿ. ಎರಡರ ಬಲವೂ ನಾರ್ಮಲಿನ ಹತ್ತನೆಯ ಒಂದು ಪಾಲು. ಈ ನಾರ್ಮಲ್ ಎಂಬ ಮಾತಿನ ಅರ್ಥವನ್ನು ಮುಂದೆ ಹೇಳುತ್ತೇವೆ. ೪೯.೯ ಮಿಲಿಲೀಟರು ಬಿದ್ದಾಗ ಪಿ.ಎಚ್. ಇನ್ನೂ ೪, ೫೦.೧ ಆದಾಗ ೧೦. ನಡುವೆ ಬಿದ್ದದ್ದು ಸುಮಾರು ನಾಲ್ಕೇ ಹನಿ. ಅಷ್ಟರಲ್ಲಿ ಆಮ್ಲಕಣಗಳ ಸಾಂದ್ರತೆ ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಿತು. ಇಂಥ ಕಡಿದಾದ ಘಟ್ಟವನ್ನು ದಾಟುವಾಗ ಸೂಚಕದ ಬಣ್ಣ ಹೊರಳದೆ ಇದ್ದೀತೆ? ಆದರೆ ಒಂದು ಎಚ್ಚರಿಕೆ ಬೇಕು. ಫೀನಾಲ್ಫ್ಥಲೀನ್ ಎಂಟು ಕಳೆದ ಮೇಲೆ ಬಣ್ಣ ತಳೆಯುತ್ತದೆ; ಮೀಥೈಲ್ ಆರೆಂಜ್ ಎಂಬ ಇನ್ನೊಂದು ಸೂಚಕ ಮೂರು ನಾಲ್ಕರ ನಡುವೆಯೇ ಬಣ್ಣ ಬದಲಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲದಂಥ ಪ್ರಬಲವಾದ ಆಮ್ಲಕ್ಕೆ ಯಾವುದಾದರೂ ನಡೆದೀತು. ವಿನೆಗರಿನ ಅಸಿಟಿಕ್ ಆಮ್ಲದಂಥ ದುರ್ಬಲವಾದುದಕ್ಕೆ ಸಮಾಪ್ತಿಯು ಎಂಟೂವರೆಯ ಆಚೆಗೆ ಬರುವುದರಿಂದ ಮೀಥೈಲ್ ಆರೆಂಜನ್ನು ನಂಬಿದರೆ ಪಂಕ್ತಿ ತುಂಬುವ ಮೊದಲೇ ಎಲೆ ಸಾಕೆಂದು ಕೂಗಿದಂತಾಗುತ್ತದೆ. ಯಾವ ಊಟಕ್ಕೆ ಯಾವ ಮೇಲ್ವಿಚಾರಕನೆಂಬುದನ್ನು ಆರಿಸುವುದರಲ್ಲಿಯೇ ಅರ್ಧ ವಿದ್ಯೆಯಿದೆ.

ಈ ವಿದ್ಯೆ ಹುಟ್ಟಿದ್ದು ಪಂಡಿತರ ಕುತೂಹಲದಿಂದಲ್ಲ, ಪೇಟೆಯ ಚೀಲದಿಂದ ಎಂಬುದು ಗಮನಾರ್ಹ. ೧೭೨೯ರಲ್ಲಿ ಫ್ರಾನ್ಸಿನ ಕ್ಲೋದ್ ಜೋಸೆಫ್ ಜೊಫ್ರುವಾ ಎಂಬಾತನು ವಿನೆಗರಿನ ಬಲವನ್ನು ತಿಳಿಯಲು ಅದಕ್ಕೆ ಕ್ಷಾರದ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ, ನೊರೆಯುಕ್ಕುವುದು ಯಾವಾಗ ನಿಲ್ಲುವುದೆಂದು ನೋಡಿದನು. ೧೭೫೬ರಲ್ಲಿ ಸ್ಕಾಟ್ಲೆಂಡಿನ ಫ್ರಾನ್ಸಿಸ್ ಹೋಮನು ನಾರುಬಟ್ಟೆಗಳನ್ನು ಬಿಳುಪು ಮಾಡುವ ಕಸುಬಿನ ಮೇಲೆ ಪುಸ್ತಕ ಬರೆದನು. ಆ ಕಸುಬಿಗೆ ಬೇಕಾದ ಬೂದಿಯ ಕ್ಷಾರವನ್ನು ಚೀಲದ ತೂಕದ ಮೇಲೆ ಮಾರುತ್ತಿದ್ದರು. ಒಂದು ಚೀಲದ ಬಲ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಎಷ್ಟು ಚಮಚ ತೆಳುವಾದ ನೈಟ್ರಿಕ್ ಆಮ್ಲವನ್ನು ಅದು ತಾಳುವುದೆಂದು ಎಣಿಸಿ ಹೋಮನು ಚೀಲಗಳ ಯೋಗ್ಯತೆಯನ್ನು ಗೊತ್ತುಮಾಡಿದನು. ಬ್ಯೂರೆಟ್ಟು, ಪಿಪೆಟ್ಟು ಎಂಬ ಹೆಸರುಗಳು ಬಳಕೆಗೆ ಬಂದದ್ದು ೧೮೨೪ರಲ್ಲಿ ಗೇ ಲುಸಾಕನ ಬರೆಹದಿಂದ. ಜರ್ಮನಿಯ ಮೋರನು ೧೮೫೫ರಲ್ಲಿ ಅನುಮಾಪನದ ಪಠ್ಯಗ್ರಂಥವನ್ನು ಹೊರತಂದ ಮೇಲೆ ಇದು ಪ್ರಪಂಚದ ಎಲ್ಲ ಪ್ರಯೋಗಶಾಲೆಗಳ ದಿನನಿತ್ಯದ ಕೆಲಸವಾಯಿತು. ಸ್ಕಾಟ್ಲೆಂಡಿನ ಬೂದಿಯ ಚೀಲಕ್ಕೂ ಎಕ್ಕಂಬಿಯ ಸುಣ್ಣದ ಚೀಲಕ್ಕೂ ಇರುವ ದೂರ ಎರಡೂವರೆ ಶತಮಾನ, ಪ್ರಶ್ನೆ ಒಂದೇ.

ಆ ಚೀಲದಲ್ಲಿ ನಡೆದದ್ದೇನು? ಸುಣ್ಣ ಬರುವುದು ಚಿಪ್ಪಿನಿಂದ, ಇಲ್ಲವೆ ಸುಣ್ಣಕಲ್ಲಿನಿಂದ. ಭಟ್ಟಿಯಲ್ಲಿ ಸುಟ್ಟಾಗ ಅದರಲ್ಲಿರುವ ಇಂಗಾಲಾಮ್ಲ ವಾಯು, ಈಗಿನವರು ಇಂಗಾಲದ ಡೈಆಕ್ಸೈಡ್ ಎನ್ನುವುದು, ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕಾದು ಅರಳಿದ ಸುಣ್ಣವಾಗುತ್ತದೆ. ಅರಳಿದ ಸುಣ್ಣವನ್ನು ಬಾಯಿ ತೆರೆದ ಚೀಲದಲ್ಲಿ ಮಲೆನಾಡಿನ ತೇವದ ಗಾಳಿಗೆ ಬಿಟ್ಟರೆ, ಅದು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮೆಲ್ಲಮೆಲ್ಲನೆ ಮರಳಿ ಚಿಪ್ಪಿನ ದ್ರವ್ಯವೇ ಆಗಿಬಿಡುತ್ತದೆ. ಸ್ವಾರಸ್ಯವು ಲೆಕ್ಕದಲ್ಲಿದೆ: ೭೪ ಕಿಲೋಗ್ರಾಮು ಅರಳಿದ ಸುಣ್ಣವು ಹೀಗೆ ಪೂರ್ತಿ ಕೆಟ್ಟರೆ ೧೦೦ ಕಿಲೋಗ್ರಾಮು ಆಗುತ್ತದೆ. ಬಲ ಹೋದಷ್ಟೂ ತೂಕ ಏರುತ್ತದೆ! ತಕ್ಕಡಿಯನ್ನು ನಂಬಿದ ತೋಟಿಗರು ಮೋಸಹೋದದ್ದು ಆಶ್ಚರ್ಯವಲ್ಲ.

ನಾವು ತಂದ ಹಿಡಿ ಸುಣ್ಣವನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಹೀಗೆ ಪರೀಕ್ಷಿಸಿದೆವು. ಒಂದು ಲೀಟರಿನಲ್ಲಿ ೩೬.೫ ಗ್ರಾಮು ಹೈಡ್ರೋಕ್ಲೋರಿಕ್ ಆಮ್ಲವುಳ್ಳ ದ್ರಾವಣಕ್ಕೆ ನಾರ್ಮಲ್ ದ್ರಾವಣವೆಂದು ಹೆಸರು. ಸುಣ್ಣದ ಅಣುತೂಕ ೭೪. ಅದರ ಒಂದು ಅಣು ಎರಡು ಎಲೆಗಳನ್ನು ಬೇಡುವುದರಿಂದ ಲೆಕ್ಕಕ್ಕೆ ಬರುವುದು ಅದರ ಅರ್ಧ, ೩೭. ಆದಕಾರಣ ನಾರ್ಮಲ್ ಆಮ್ಲದ ಒಂದು ಮಿಲಿಲೀಟರಿಗೆ ಶುದ್ಧ ಸುಣ್ಣ ೦.೦೩೭ ಗ್ರಾಮು ಸಮ. ನಾವು ೧.೮೫ ಗ್ರಾಮು ಮಾದರಿಯನ್ನು ತೂಗಿಕೊಂಡೆವು. ಅದು ಅಪ್ಪಟವಾದ ಸುಣ್ಣವಾಗಿದ್ದರೆ ಬ್ಯೂರೆಟ್ಟಿನ ೫೦ ಮಿಲಿಲೀಟರೂ ಬೇಕಾಗುತ್ತಿತ್ತು, ಅಂದರೆ ಮಿಲಿಲೀಟರಿಗೆ ನೂರಕ್ಕೆ ಎರಡರ ಲೆಕ್ಕ. ಮಾದರಿಯನ್ನು ನೀರಿಗೆ ಹಾಕದೆ ಸಕ್ಕರೆಯ ದ್ರಾವಣಕ್ಕೆ ಹಾಕಿ ಕುಲುಕಿದೆವು. ಸುಣ್ಣ ನೀರಿನಲ್ಲಿ ಕರಗುವುದು ಅತ್ಯಲ್ಪ, ಸಕ್ಕರೆಯ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ; ಕೆಟ್ಟು ಚಿಪ್ಪಾದ ಭಾಗ ಕರಗುವುದಿಲ್ಲ. ಈ ಉಪಾಯದಿಂದ ಜೀವವಿರುವ ಸುಣ್ಣವೂ ಸತ್ತ ಸುಣ್ಣವೂ ಬೇರ್ಪಡುತ್ತವೆ. ಫೀನಾಲ್ಫ್ಥಲೀನಿನ ಎರಡು ಹನಿ ಬಿಟ್ಟೊಡನೆ ದ್ರಾವಣ ಗುಲಾಬಿಯಾಯಿತು. ಆಮ್ಲವನ್ನು ಬಿಡುತ್ತ ಬಂದೆವು. ಎಂಟನೆಯ ಮಿಲಿಲೀಟರಿಗೇ ಬಣ್ಣ ಹಾರಿಹೋಯಿತು.

ಎಂಟು, ಅಂದರೆ ನೂರಕ್ಕೆ ಹದಿನಾರು. ಒಂದು ಕಿಲೋಗ್ರಾಮಿನ ಆ ಪುಡಿಯಲ್ಲಿ ನಿಜವಾದ ಸುಣ್ಣ ೧೬೦ ಗ್ರಾಮು. ಒಂದು ಕಿಲೋಗ್ರಾಮು ಮೈಲುತುತ್ತದ ತಾಮ್ರವನ್ನೆಲ್ಲ ಗಷ್ಟಾಗಿ ಇಳಿಸಲು ಶುದ್ಧವಾದ ಅರಳಿದ ಸುಣ್ಣ ಸುಮಾರು ೩೦೦ ಗ್ರಾಮು ಬೇಕು. ಚೂರಿ ಕೆಂಪಾದದ್ದೇಕೆಂಬುದು ಇಷ್ಟರಿಂದ ಸ್ಪಷ್ಟವಾಯಿತು. ಇಲ್ಲಿ ಇನ್ನೊಂದು ಮಾತೂ ಹೊಳೆಯುತ್ತದೆ. ೩೦೦ ಗ್ರಾಮು ಸಾಕಾಗುವಲ್ಲಿ ಕ್ರಮದಲ್ಲಿ ಒಂದು ಕಿಲೋಗ್ರಾಮು ಎಂದು ಬರೆದದ್ದೇಕೆ? ತೋಟಿಗನ ಕೈಗೆ ಬರುವ ಸುಣ್ಣ ಎಷ್ಟು ಹಳೆಯದೋ ಎಷ್ಟು ಕಲ್ಲು ಮಣ್ಣು ಸೇರಿದ್ದೋ ಯಾರು ಬಲ್ಲರು? ಮೂರರಷ್ಟು ಹಾಕಿದರೆ ಸಾಧಾರಣವಾದ ಕೊರತೆಗಳೆಲ್ಲ ಮುಚ್ಚಿಹೋಗುತ್ತವೆ. ಈ ಹೆಚ್ಚಿನ ಸುಣ್ಣವು ಅಜ್ಞಾನಕ್ಕೆ ನಾವು ತೆರುವ ಕಂದಾಯ. ಸುಣ್ಣದ ಹೊರೆ ಅತಿಯಾದರೆ ತಾಮ್ರದ ಕೆಲಸ ನಿಧಾನವಾಗುವುದು, ಗಟ್ಟಿ ಕಣಗಳಿಂದ ಪಂಪಿನ ಬಾಯಿ ಕಟ್ಟುವುದು. ಆದರೂ ಕಂದಾಯ ತೆತ್ತವನು ಸುಖಿ. ಎಕ್ಕಂಬಿಯ ಚೀಲದಲ್ಲಿ ಮಾತ್ರ ಮೂರರಷ್ಟು ಹಾಕಿದರೂ ಸಾಲದಷ್ಟು ಬಲ ಇಳಿದಿತ್ತು.

ಹಾಗಾದರೆ ಆ ಚೀಲವನ್ನು ತಿಪ್ಪೆಗೆ ಎಸೆಯಬೇಕೆ? ಇಲ್ಲಿಯೇ ಅನುಮಾಪನದ ಇನ್ನೊಂದು ಮುಖವನ್ನು ಕಾಣಬೇಕು. ಅದೇ ಮಾದರಿಯ ಒಂದು ಗ್ರಾಮನ್ನು ತೆಗೆದುಕೊಂಡು, ೨೫ ಮಿಲಿಲೀಟರು ನಾರ್ಮಲ್ ಆಮ್ಲವನ್ನು ಒಮ್ಮೆಗೇ ಹಾಕಿ, ಕುದಿಸಿ, ಹೊರಟ ವಾಯುವನ್ನು ಓಡಿಸಿ, ತಣಿಸಿದೆವು. ಈಗ ಆಮ್ಲವೇ ಹೆಚ್ಚಾಗಿ ಉಳಿದಿದೆ. ಎಷ್ಟು ಉಳಿದಿದೆಯೆಂಬುದನ್ನು ನಾರ್ಮಲ್ ಸೋಡಾಕ್ಷಾರದಿಂದ ಅಳೆದೆವು. ೬.೬ ಮಿಲಿಲೀಟರು ಹಿಡಿಯಿತು. ಹಾಗಾದರೆ ಮಾದರಿಯು ತಿಂದದ್ದು ೧೮.೪. ಶುದ್ಧವಾದ ಸುಣ್ಣಕಲ್ಲಿನ ಪುಡಿಯಾಗಿದ್ದರೆ ೨೦ ತಿನ್ನುತ್ತಿತ್ತು. ಆದುದರಿಂದ ಹುಳಿಯನ್ನು ಅಳಿಸುವ ಒಟ್ಟು ಶಕ್ತಿಯಲ್ಲಿ ಆ ಪುಡಿಯು ಸುಣ್ಣಕಲ್ಲಿಗೆ ಹೋಲಿಸಿದರೆ ನೂರಕ್ಕೆ ತೊಂಬತ್ತೆರಡು! ಇದಕ್ಕೆ ಹಿಮ್ಮುಖ ಅನುಮಾಪನವೆಂದು ಹೆಸರು. ಒಂದೇ ಚೀಲ, ಔಷಧದ ಪೀಪಾಯಿ ಕೇಳಿದರೆ ಹದಿನಾರು ಎನ್ನುತ್ತದೆ, ತೋಟದ ಮಣ್ಣು ಕೇಳಿದರೆ ತೊಂಬತ್ತೆರಡು ಎನ್ನುತ್ತದೆ. ಎರಡೂ ನಿಜ. ಔಷಧಕ್ಕೆ ತಕ್ಷಣ ಕೆಲಸ ಮಾಡುವ ಸುಣ್ಣ ಬೇಕು; ಮಣ್ಣಿಗೆ ತಿಂಗಳುಗಟ್ಟಲೆ ಕಾಯುವ ತಾಳ್ಮೆಯಿದೆ, ಚಿಪ್ಪಿನ ಪುಡಿಯೂ ಅಲ್ಲಿ ಮೆಲ್ಲಗೆ ಕರಗಿ ಹುಳಿಯನ್ನು ಕಳೆಯುತ್ತದೆ.

ಮಣ್ಣಿನ ಮಾತು ಬಂದುದರಿಂದ ಒಂದು ಭ್ರಾಂತಿಯನ್ನು ಕಳೆಯಬೇಕು. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಹುಳಿಯಾದದ್ದು. ಶತಮಾನಗಳ ಮಳೆ ಅದರ ಸುಣ್ಣದಂಶವನ್ನು ತೊಳೆದುಹಾಕಿದೆ. ೨೦೧೫ರಲ್ಲಿ ಆರಂಭವಾದ ಯೋಜನೆಯಂತೆ ರೈತರಿಗೆ ಕೊಟ್ಟ ಮಣ್ಣು ಆರೋಗ್ಯದ ಕಾರ್ಡಿನಲ್ಲಿ ಪಿ.ಎಚ್. ಅಂಕಿಯೂ ಇರುತ್ತದೆ. ಅದೊಂದರಿಂದಲೇ ಎಷ್ಟು ಸುಣ್ಣ ಹಾಕಬೇಕೆಂದು ತಿಳಿಯುವುದೆ? ಇಲ್ಲ. ಬಚ್ಚಲಿನಲ್ಲಿ ಒಂದು ಚೊಂಬು ಬಿಸಿನೀರೂ ಒಂದು ಹಂಡೆ ಬಿಸಿನೀರೂ ಒಂದೇ ಬಿಸುಪಿನಲ್ಲಿರಬಹುದು. ಬೆರಳಿಗೆ ಎರಡೂ ಒಂದೇ. ಆದರೆ ಅವುಗಳನ್ನು ಹದಕ್ಕೆ ತರಲು ಬೇಕಾದ ತಣ್ಣೀರು ಒಂದೇ ಅಲ್ಲವಷ್ಟೆ. ಪಿ.ಎಚ್. ಹೇಳುವುದು ಬಿಸುಪನ್ನು, ಅನುಮಾಪನ ಹೇಳುವುದು ಹಂಡೆಯ ಗಾತ್ರವನ್ನು. ಮರಳುಮಣ್ಣು ಚೊಂಬಿನಂತೆ, ಜೇಡಿಯೂ ಸೊಪ್ಪಿನ ಗೊಬ್ಬರವೂ ಕೂಡಿದ ತೋಟದ ಮಣ್ಣು ಹಂಡೆಯಂತೆ, ಒಂದೇ ಪಿ.ಎಚ್. ಇದ್ದರೂ ಎರಡನೆಯದಕ್ಕೆ ಸುಣ್ಣ ಬಹಳ ಹೆಚ್ಚು ಬೇಕಾಗುತ್ತದೆ. ಮಣ್ಣಿನಲ್ಲಿ ಅಡಗಿದ ಆಮ್ಲವನ್ನು ಪೊಟ್ಯಾಸಿಯಂ ಕ್ಲೋರೈಡಿನ ದ್ರಾವಣದಿಂದ ಹೊರಕ್ಕೆಳೆದು, ಕ್ಷಾರದಿಂದ ಅಳೆದಾಗ ಅದರ ಪರಿಮಾಣ ಗೋಚರವಾಗುತ್ತದೆ.

ಪಟ್ಟಣದಲ್ಲಿರುವ ನಮಗೂ ಅನುಮಾಪನದ ಉಪಕಾರ ದಿನದಿನವೂ ಸಲ್ಲುತ್ತಿದೆ. ಹಾಲಿನ ಡೈರಿಗೆ ಬಂದ ಹಾಲಿಗೆ ಫೀನಾಲ್ಫ್ಥಲೀನ್ ಹಾಕಿ ಕ್ಷಾರವನ್ನು ಬಿಟ್ಟು ನೋಡುತ್ತಾರೆ. ಆಗ ಕರೆದ ಹಸುವಿನ ಹಾಲೂ ನೂರಕ್ಕೆ ೦.೧೪ರಷ್ಟು ಲ್ಯಾಕ್ಟಿಕ್ ಆಮ್ಲವಿದ್ದಂತೆ ತೋರುತ್ತದೆ. ವಾಸ್ತವವಾಗಿ ಅದು ಹಾಲಿನ ಪ್ರೋಟೀನು, ಫಾಸ್ಫೇಟುಗಳು ಹಿಡಿದ ಕ್ಷಾರ. ಅಂಕಿ ೦.೨ರ ಮೇಲಕ್ಕೆ ಏರುತ್ತ ಹೋದರೆ ಹುಳಿಯುವಿಕೆ ಆರಂಭವಾಗಿದೆ, ಕಾಯಿಸಿದರೆ ಒಡೆಯುವ ಭಯವಿದೆ ಎಂದು ತಿಳಿಯಬೇಕು. ಅಡುಗೆಯ ಎಣ್ಣೆ ಎಷ್ಟು ಕಮಟಾಗುವ ದಾರಿಯಲ್ಲಿದೆ ಎಂಬುದನ್ನು ಅದರಲ್ಲಿ ಬಿಡಿಯಾದ ಆಮ್ಲವನ್ನು ಅಳೆದು ಹೇಳುತ್ತಾರೆ. ಕುಡಿಯುವ ನೀರಿನ ಕ್ಷಾರತೆಯನ್ನು ಮೀಥೈಲ್ ಆರೆಂಜ್ ಹಾಕಿ ಅಳೆಯುತ್ತಾರೆ. ಬೇಳೆಯಲ್ಲಿ, ಹಿಟ್ಟಿನಲ್ಲಿ ಎಷ್ಟು ಪ್ರೋಟೀನು ಇದೆಯೆಂದು ತಿಳಿಯಲು ಕೋಪನ್‌ಹೇಗನ್ನಿನ ಕೆಲ್ಡಾಲನು ೧೮೮೩ರಲ್ಲಿ ಹೇಳಿದ ವಿಧಾನವೂ ಕಡೆಗೆ ಆಮ್ಲಕ್ಷಾರಗಳ ಅನುಮಾಪನವೇ: ಆಹಾರವನ್ನು ಗಂಧಕಾಮ್ಲದಲ್ಲಿ ಕುದಿಸಿ, ಅದರ ಸಾರಜನಕವನ್ನು ಅಮೋನಿಯವಾಗಿ ಹೊರಡಿಸಿ, ಆ ಅಮೋನಿಯವನ್ನು ಅಳೆಯುವುದು.

ಆದರೆ ಅನುಮಾಪನವು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ; ಎಷ್ಟು ಎಂದು ಹೇಳುತ್ತದೆ, ಯಾರು ಎಂದು ಹೇಳುವುದಿಲ್ಲ. ಶಿರಸಿ ಸಿದ್ದಾಪುರಗ಼ಳ ಕಾಡಿನಲ್ಲಿ ಬೆಳೆಯುವ ಉಪ್ಪಾಗೆಯ ಸಿಪ್ಪೆಯಲ್ಲಿ ಎಷ್ಟು ಹುಳಿಯಿದೆಯೆಂದು ಬ್ಯೂರೆಟ್ಟು ಹೇಳೀತು. ಆದರೆ ಆ ಹುಳಿ ಯಾವುದು? ಅದನ್ನು ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೆಂದು ಬಹುಕಾಲ ಎಣಿಸಿದ್ದರು. ಅದರ ಮುಖ್ಯ ಆಮ್ಲವು ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂಬ ಬೇರೆಯೇ ವಸ್ತುವೆಂದು ೧೯೬೫ರಲ್ಲಿ ತೋರಿಸಿದವರು ಮೈಸೂರಿನ ಕೇಂದ್ರ ಆಹಾರ ತಂತ್ರವಿಜ್ಞಾನ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು. ಈ ಮಿತಿಯನ್ನು ಮರೆತರೆ ಅನರ್ಥವೂ ಉಂಟು. ಕೆಲ್ಡಾಲನ ವಿಧಾನ ಎಣಿಸುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಇದನ್ನು ಬಲ್ಲ ವಂಚಕರು ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿದ ಮೆಲಮಿನ್ ಎಂಬ ದ್ರವ್ಯವನ್ನು ಸೇರಿಸಿ ಪರೀಕ್ಷೆಯಲ್ಲಿ ಪಾರಾದರು. ೨೦೦೮ರಲ್ಲಿ ಅದು ಬೆಳಕಿಗೆ ಬರುವ ಹೊತ್ತಿಗೆ ಸುಮಾರು ಮೂರು ಲಕ್ಷ ಮಕ್ಕಳು ಅಸ್ವಸ್ಥರಾಗಿದ್ದರು, ಆರು ಶಿಶುಗಳು ತೀರಿಕೊಂಡಿದ್ದವು. ಬ್ಯೂರೆಟ್ಟು ಸುಳ್ಳು ಹೇಳಿರಲಿಲ್ಲ. ಕೇಳುವವರು ತಾವು ಕೇಳಿದ್ದೇನೆಂಬುದನ್ನು ಮರೆತಿದ್ದರು.

ಮುಂದಿನ ಸಲ ಎಕ್ಕಂಬಿಗೆ ಹೋದಾಗ ನಾವು ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದೆವು. ಯಜಮಾನರು ಕನ್ನಡಕವಿಟ್ಟುಕೊಂಡು ಓದಿ, “ಅಂತೂ ತಕ್ಕಡಿಯದು ತಪ್ಪಿಲ್ಲ ಅನ್ನಿ” ಎಂದರು. ತಪ್ಪಿಲ್ಲ. ತಕ್ಕಡಿ ಭಾರವನ್ನು ಹೇಳಿತು. ಬಲವನ್ನು ಅದನ್ನು ಕೇಳಬಾರದಾಗಿತ್ತು. ಬ್ಯೂರೆಟ್ಟು ಇಲ್ಲದ ಮನೆಯಲ್ಲಿ ಏನು ಮಾಡಬೇಕೆಂದು ಅವರು ಕೇಳಿದಾಗ ಜೊಫ್ರುವಾನ ನೊರೆಯನ್ನು ನೆನಪಿಗೆ ತಂದುಕೊಂಡೆವು. ಚಿಟಿಕೆ ಸುಣ್ಣದ ಮೇಲೆ ಲಿಂಬೆಯ ರಸವನ್ನೋ ವಿನೆಗರನ್ನೋ ಬಿಟ್ಟು ನೋಡಿರಿ. ಒಳ್ಳೆಯ ಸುಣ್ಣ ಸದ್ದಿಲ್ಲದೆ ಕರಗುತ್ತದೆ. ಬುರುಬುರು ನೊರೆಯೆದ್ದರೆ ಅದು ಮರಳಿ ಚಿಪ್ಪಾಗಿದೆ, ಔಷಧಕ್ಕೆ ಬೇಡ. ಔಷಧವನ್ನು ಕೂಡಿಸಿದ ಮೇಲೆ ಚೂರಿಯ ಪರೀಕ್ಷೆಯನ್ನು ಬಿಡಬೇಡಿ. ಉಳಿದ ಸುಣ್ಣದ ಬಾಯಿಯನ್ನು ಗಾಳಿಯಾಡದಂತೆ ಕಟ್ಟಿಡಿ.

ಹಳೆಯ ಚೀಲ ಎಲ್ಲಿ ಹೋಯಿತೆಂದು ವಿಚಾರಿಸಿದೆವು. ನಮ್ಮ ಚೀಟಿ ಬರುವ ಮೊದಲೇ, ಸುಮ್ಮನೆ ಹಾಳುಮಾಡುವುದೇಕೆಂದು ಅವರು ಅದನ್ನು ತೋಟದ ಬುಡಗಳಿಗೆ ಎರಚಿ ಮುಗಿಸಿದ್ದರು. ಅದು ಸರಿಯಾದ ಕೆಲಸವೇ ಆಗಿತ್ತು. ವೀಳ್ಯದೆಲೆಗೆ ಸುಣ್ಣ ಸವರಿ ನಮ್ಮ ಕೈಗೆ ಕೊಡುತ್ತ ಅವರು, “ಇದು ಈ ವರ್ಷದ್ದು, ಕೊಂಚವೇ ಹಚ್ಚಿದ್ದೇನೆ” ಎಂದರು.